ಜಕ್ಕೂರು ಮುಚ್ಚಿದ ಶುಕ್ರವಾರ

ಚಿಕ್ಕಲ್ಲೂರು ಜಾತ್ರೆಗೆ ಹೋದ ವರ್ಷಗಳಲ್ಲೆಲ್ಲ ನನ್ನ ಅಕ್ಕನ ಮಕ್ಕಳು ಈ ಕತೆ ಕೇಳದೆ ಮಲಗಿದ್ದಿಲ್ಲ. ಹುಣ್ಣಿಮೆ ರಾತ್ರಿ ಚಂದ್ರಮಂಡಲ ಹೊತ್ತಿ ಉರಿಯುತ್ತದೆ. ಯಾವ ದಿಕ್ಕಿಗೆ ಮೊದಲು ಬೆಂಕಿ ಹಿಡಿಯಿತು, ಯಾವ ಸೀಮೆಗೆ ಈ ಸಲ ಮಳೆಬೆಳೆ ಚೆನ್ನ ಎಂಬ ಮಾತೆಲ್ಲ ಮುಗಿಯುತ್ತದೆ. ಆಮೇಲೆ ಬಿಡಾರದ ಮುಂದೆ ಮೂರು ಕಲ್ಲಿನ ಒಲೆಯಲ್ಲಿ ಉಳಿದ ಕೆಂಡಕ್ಕೆ ಇನ್ನೊಂದೆರಡು ಕೊರಡು ಒಟ್ಟಿ ಕೂತರೆ ಯಾರಾದರೊಬ್ಬರು ಶುರು ಮಾಡುತ್ತಾರೆ: “ಮಾವ, ಜಕ್ಕೂರು ಮುಚ್ಚಿದ್ದು ಹೇಳು.” ಒಲೆಯ ಮುಂದೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಬೇಡವಾದ ಕೆಲವು ವಿವರಗಳನ್ನು ಮಾತ್ರ ಸೇರಿಸಿದ್ದೇನೆ.

ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನ ಜನ ವಿಮಾನವನ್ನು ನೋಡುವುದೇನಿದ್ದರೂ ಬಹಳ ಎತ್ತರದಲ್ಲಿ, ಸದ್ದು ಕೇಳುವಷ್ಟರಲ್ಲಿ ದಾಟಿಹೋಗುವ ಚುಕ್ಕಿಯಾಗಿ. ಹತ್ತಿರದಿಂದ ಕಂಡಿದ್ದು ಹೆಲಿಕಾಪ್ಟರ್ ಮಾತ್ರ. ಅದು ಬಂದರೆ ಒಂದೋ ಚುನಾವಣೆ, ಇಲ್ಲವೇ ಕೆಟ್ಟ ಸುದ್ದಿ. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ವೀರಪ್ಪನ್ ಕಡೆಯವರು ಕಾಮಗೆರೆಯ ಮನೆಯಿಂದ ಎತ್ತಿಕೊಂಡು ಹೋದರು. ಡಿಸೆಂಬರ್‌ನಲ್ಲಿ ಕಾಡಿನಲ್ಲಿ ಸಿಕ್ಕಿದ್ದು ಅವರ ಶವ. ಆ ತಿಂಗಳುಗಳಲ್ಲಿ ಮೇಲೆ ಏನಾದರೂ ಗುಡುಗಿದಂತಾದರೆ ನಮ್ಮವ್ವ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟು ಅಂಗಳಕ್ಕೆ ಬರುತ್ತಿದ್ದಳು. “ಇನ್ನ್ಯಾರ ಮನೆಗೆ ಬಂತೋ” ಎಂದು ಅವಳ ಬಾಯಿಂದ ಬಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಂಥ ಮನೆಯಲ್ಲಿ ಬೆಳೆದ ನಾನು ಬೆಂಗಳೂರಿಗೆ ಹೋಗಿ, ಕೆಲಸಕ್ಕೆ ಸೇರಿ, ಕೂಡಿಟ್ಟ ದುಡ್ಡೆಲ್ಲ ಸುರಿದು ವಿಮಾನ ಹಾರಿಸಲು ಕಲಿತೆ. ನನ್ನದು ಖಾಸಗಿ ಪೈಲಟ್ ಪರವಾನಗಿ. ಅದನ್ನಿಟ್ಟುಕೊಂಡು ಸಂಬಳಕ್ಕಾಗಲಿ ಬಾಡಿಗೆಗಾಗಲಿ ಹಾರುವಂತಿಲ್ಲ. ಸ್ವಂತ ಖುಷಿಗೆ, ಸ್ವಂತ ಖರ್ಚಿನಲ್ಲಿ ಹಾರಬಹುದು, ಅಷ್ಟೆ.

ಇದು 2011ರ ಫೆಬ್ರವರಿಯ ಮಾತು. ಹನೂರು ಆಗ ಇನ್ನೂ ಕೊಳ್ಳೇಗಾಲ ತಾಲ್ಲೂಕಿನಲ್ಲೇ ಇತ್ತು. ನನಗೆ ವಿಮಾನದ ನಾಲ್ಕು ಮಾತು ಕಲಿಸಿದ ಹಿರಿಯರೊಬ್ಬರಿದ್ದರು. ನಾವೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದೆವು. ಅವರು ಹಾರಲು ಕಲಿತಿದ್ದು ಪುಷ್ಪಕ್ ವಿಮಾನದಲ್ಲಿ. ಬೆಂಗಳೂರಿನ ಎಚ್ಎಎಲ್ ತಯಾರಿಸಿ, 1958ರಲ್ಲಿ ಮೊದಲ ಬಾರಿ ಹಾರಿಸಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಲ್ಲ ಹಂಚಿದ ಎರಡು ಸೀಟಿನ, ಬಟ್ಟೆ ಹೊದೆಸಿದ ರೆಕ್ಕೆಯ ವಿಮಾನ ಅದು; ಎಂಜಿನ್ 90 ಅಶ್ವಶಕ್ತಿಯದು. “ಪುಷ್ಪಕ್ ಓಡಿಸಿದವನು ಗಾಳಿಯ ಮಾತು ಕೇಳೋದು ಕಲೀತಾನಪ್ಪ” ಎನ್ನುತ್ತಿದ್ದರು. ಅವರ ಗೆಳೆಯರೊಬ್ಬರ ಸೆಸ್ನಾ 172, ನಾಲ್ಕು ಸೀಟಿನದು, ಜಕ್ಕೂರಿನಲ್ಲಿ ನಿಂತಿತ್ತು. ಅದನ್ನು ಮೈಸೂರಿಗೆ ಒಯ್ದು ವಾಪಸು ತರುವ ಕೆಲಸ ಬಂತು. ಗುರುವಾರ ಹೋಗಿ ಶುಕ್ರವಾರ ಬರುವುದೆಂದು ಗೊತ್ತು ಮಾಡಿ, ನನ್ನನ್ನೂ ಕರೆದರು.

ಆ ವಾರವೇ ಯಲಹಂಕದಲ್ಲಿ ಏರೋ ಇಂಡಿಯಾ. ಫೆಬ್ರವರಿ 9ರಿಂದ 13ರವರೆಗೆ.

ಯಲಹಂಕ ವಾಯುನೆಲೆಯೂ ಜಕ್ಕೂರೂ ಎಷ್ಟು ಹತ್ತಿರವೆಂದರೆ, ಒಂದರ ರನ್‌ವೇಯಿಂದ ಎದ್ದ ವಿಮಾನ ತಿರುಗುವಷ್ಟರಲ್ಲಿ ಇನ್ನೊಂದು ಕಾಣುತ್ತದೆ. ಜಕ್ಕೂರು 1940ರ ದಶಕದ ಕೊನೆಯಲ್ಲಿ ಮೈಸೂರು ಮಹಾರಾಜರ ಆಶ್ರಯದಲ್ಲಿ ಹುಟ್ಟಿದ ಹಳೆಯ ಮೈದಾನ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದೂ ಅಲ್ಲೇ. ಏರೋ ಇಂಡಿಯಾ 1996ರಲ್ಲಿ ಶುರುವಾದಾಗಿನಿಂದ ಎರಡು ವರ್ಷಕ್ಕೊಮ್ಮೆ ಜಕ್ಕೂರಿನ ಸಣ್ಣ ವಿಮಾನಗಳಿಗೆ ಈ ಪಾಡು ಇದ್ದದ್ದೇ. ಪ್ರದರ್ಶನದ ಹೊತ್ತಿಗೆ ಸುತ್ತಲ ಆಕಾಶವೆಲ್ಲ ಖಾಲಿಯಾಗಬೇಕು. ದೇವನಹಳ್ಳಿಯ ದೊಡ್ಡ ವಿಮಾನಗಳಿಗೇ ತಡೆ ಬೀಳುವಾಗ ನಮ್ಮಂಥವರ ಮಾತೇನು?

ಇಂಥ ಮುಚ್ಚುವಿಕೆಯನ್ನೆಲ್ಲ ತಿಳಿಸುವ ಪ್ರಕಟಣೆಗೆ ನೋಟಾಮ್ ಎನ್ನುತ್ತಾರೆ. ಓದಲು ಬಲು ಒಣ. ಇಂಥ ತಾರೀಖು, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಇಂಥ ನಿಲ್ದಾಣ ಇಲ್ಲ. ಗಂಟೆಯೂ ನಮ್ಮದಲ್ಲ, ಗ್ರೀನಿಚ್ಚಿನದು; ಐದೂವರೆ ತಾಸು ಕೂಡಿಸಿಕೊಂಡು ಓದಬೇಕು. ರನ್‌ವೇಗೆ ಡಾಂಬರು ಹಾಕುವುದಕ್ಕೆ ಮುಚ್ಚುತ್ತಾರೆ, ಗಣ್ಯರು ಬಂದರೆ ಮುಚ್ಚುತ್ತಾರೆ. ಸಂಜೆ ಟವರಿನವರ ಪಾಳಿ ಮುಗಿದರೂ ಮುಚ್ಚಿದಂತೆಯೇ. ದೊಡ್ಡ ಊರಿನ ನಿಲ್ದಾಣಕ್ಕೆ ಇನ್ನೊಂದು ರನ್‌ವೇ ಇರಬಹುದು, ಸಣ್ಣದಕ್ಕೆ ಇರುವುದೇ ಒಂದು ಪಟ್ಟಿ. ಅದರ ಮೇಲೆ ರೋಡ್ ರೋಲರ್ ಒಂದು ಬಂದು ನಿಂತರೂ ನಮ್ಮ ಪಾಲಿಗೆ ಆ ಊರಿನಲ್ಲಿ ನಿಲ್ದಾಣವೇ ಇಲ್ಲ. ಬಸ್ಸಿನವನು ನಿಲ್ದಾಣ ಮುಚ್ಚಿದ್ದರೆ ರಸ್ತೆ ಬದಿಗೆ ನಿಲ್ಲಿಸಿ ಜನರನ್ನು ಇಳಿಸಿ ಹೋದಾನು. ನಮಗೆ ಮೇಲೆ ನಿಲ್ಲುವ ಜಾಗವಿಲ್ಲ. ಆದ್ದರಿಂದ ಕ್ಯಾಪ್ಟನ್ ನೋಟಾಮ್ ಓದುತ್ತಿದ್ದುದು ಹಿರಿಯರು ಪಂಚಾಂಗ ಓದುವಷ್ಟು ಶ್ರದ್ಧೆಯಿಂದ. ಒಮ್ಮೆ ತಾವು ಓದಿ, ಆಮೇಲೆ ನನ್ನ ಕೈಯಲ್ಲಿ ಜೋರಾಗಿ ಓದಿಸಿ, ನಮ್ಮ ಗಂಟೆಗೆ ತಿರುಗಿಸಿ ಬರೆಸುತ್ತಿದ್ದರು.

ಆ ಶುಕ್ರವಾರದ ಲೆಕ್ಕ ಹೀಗಿತ್ತು. ಬೆಳಗಿನ ಪ್ರದರ್ಶನ ಮುಗಿದು ಮಧ್ಯಾಹ್ನದ್ದು ಶುರುವಾಗುವ ನಡುವೆ ಜಕ್ಕೂರಿಗೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಇಳಿಯಬೇಕು. ಬೆಳಿಗ್ಗೆ ಮೈಸೂರಿನಿಂದ ಫೋನು ಮಾಡಿ ಕೇಳಿದೆವು, ಬಿಡುವು ಇದೆ ಎಂದರು. ಹಾರಾಟದ ಯೋಜನೆ ಕೊಟ್ಟು, ವಾಯುರಕ್ಷಣೆಯವರ ಎಡಿಸಿ ನಂಬರ್ ಪಡೆದು ಮಂಡಕಳ್ಳಿ ನಿಲ್ದಾಣಕ್ಕೆ ಬಂದೆವು. ಮಂಡಕಳ್ಳಿಗೆ ಆಗ ಹೊಸ ಕಳೆ. 2010ರ ಮೇನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಗಿ, ಅಕ್ಟೋಬರ್‌ನಿಂದ ಕಿಂಗ್‌ಫಿಷರ್‌ನ ವಿಮಾನ ಬರತೊಡಗಿತ್ತು. ನಾನು ರೆಕ್ಕೆಯಡಿ ಬಗ್ಗಿ ಗಾಜಿನ ಕುಪ್ಪಿಗೆ ಒಂದಿಷ್ಟು ಪೆಟ್ರೋಲ್ ಇಳಿಸಿ, ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ನಮ್ಮದು ನೀಲಿ ಬಣ್ಣದ ಪೆಟ್ರೋಲ್, ಅವ್‌ಗ್ಯಾಸ್ ಎನ್ನುತ್ತಾರೆ. ದೊಡ್ಡ ವಿಮಾನಗಳು ಕುಡಿಯುವುದು ಸೀಮೆಎಣ್ಣೆಯ ಜಾತಿಯದು, ಅದು ನಮಗೆ ಆಗಿಬರದು. ಸಣ್ಣ ನಿಲ್ದಾಣಗಳಲ್ಲಿ ನಮ್ಮದು ಸಿಕ್ಕೀತೆಂದು ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೇ ಕ್ಯಾಪ್ಟನ್ ಜಕ್ಕೂರಿನಲ್ಲೇ ಟ್ಯಾಂಕ್ ತುಂಬಿಸಿದ್ದರು. ಮುಕ್ಕಾಲು ಗಂಟೆಯ ದಾರಿಗೆ ಅಷ್ಟು ಯಾಕೆ ಎಂದು ಕೇಳಿದ್ದಕ್ಕೆ ಅವರು ಉತ್ತರವನ್ನೇ ಕೊಟ್ಟಿರಲಿಲ್ಲ.

ನೇರವಾಗಿ ಮಂಡ್ಯ, ರಾಮನಗರದ ಮೇಲೆ ಹೋಗಬಹುದಿತ್ತು. “ನಿಮ್ಮೂರಿನ ಮೇಲೆ ಹಾಯ್ದು ಹೋಗೋಣ. ಅವ್ವನಿಗೆ ಫೋನು ಮಾಡು” ಎಂದರು. ಯೋಜನೆಯಲ್ಲೂ ಹಾಗೇ ಬರೆದಿದ್ದರು.

ಮೇಲೆದ್ದು ಪೂರ್ವಕ್ಕೆ ಮುಖ ಮಾಡಿದ ಸ್ವಲ್ಪ ಹೊತ್ತಿಗೆಲ್ಲ ತಿರುಮಕೂಡಲು ಕಾಣಿಸಿತು. ಕಪಿಲೆ ಬಂದು ಕಾವೇರಿಗೆ ಸೇರುವ ಜಾಗದಲ್ಲಿ ಎರಡು ನೀರಿನ ಬಣ್ಣ ಬೇರೆ ಬೇರೆ ಎಂಬುದು ಮೇಲಿನಿಂದಲೇ ತಿಳಿಯುವುದು. ಎಡಕ್ಕೆ ತಲಕಾಡಿನ ಮರಳು, ಮುಡುಕುತೊರೆಯ ಗುಡ್ಡ. ಬಲಕ್ಕೆ, ದೂರದಲ್ಲಿ, ಯಳಂದೂರಿನ ಹಿಂದೆ ಬಿಳಿಗಿರಿರಂಗನ ಬೆಟ್ಟಸಾಲು. ಐದು ಸಾವಿರ ಅಡಿ ಎತ್ತರದಲ್ಲಿ ಬಂಡೆಯ ತುದಿಗೆ ಕೂತ ರಂಗಪ್ಪನ ಗುಡಿ ನಮಗಿಂತ ಮೇಲೆಯೇ ಇತ್ತು. ಆ ಜನವರಿಯಲ್ಲಷ್ಟೇ ಅದನ್ನೆಲ್ಲ ಹುಲಿ ಮೀಸಲು ಪ್ರದೇಶ ಎಂದು ಘೋಷಿಸಿದ್ದರು. ಅಕ್ಕನ ಮನೆ ಯಳಂದೂರಿನಲ್ಲಿ, ಈಗ ಒಲೆಯ ಮುಂದೆ ಕೂತು ಕತೆ ಕೇಳುವ ಹುಡುಗರು ಆಗ ಅಲ್ಲಿ ಶಾಲೆಯಲ್ಲಿದ್ದರು.

ಕೊಳ್ಳೇಗಾಲದ ಮೇಲೆ ಮರಡಿಗುಡ್ಡವನ್ನು ಗುರುತು ಹಿಡಿದು ಒಂದು ಸುತ್ತು ಹಾಕಿದೆವು. ಊರ ಮೇಲೆ ಸಾವಿರ ಅಡಿಗಿಂತ ಕೆಳಗೆ ಇಳಿಯುವಂತಿಲ್ಲ, ಕ್ಯಾಪ್ಟನ್ ಅದಕ್ಕಿಂತಲೂ ಎತ್ತರ ಇಟ್ಟುಕೊಂಡರು. ಆದರೂ ಕಂಡಿತು. ನಮ್ಮ ಮನೆಯ ತಾರಸಿಯ ಮೇಲೆ ಅವ್ವ ತನ್ನ ಮದುವೆಯ ಕೆಂಪು ಸೀರೆಯನ್ನು ಉದ್ದಕ್ಕೆ ಹಾಸಿದ್ದಳು. ನನ್ನಪ್ಪ ನೇಯ್ದ ಸೀರೆ ಅದು. ಸೀರೆಯ ಪಕ್ಕದಲ್ಲಿ ಒಂದು ಚುಕ್ಕಿ. ಚುಕ್ಕಿ ಕೈಯಾಡಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಕ್ಯಾಪ್ಟನ್ ರೆಕ್ಕೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿಸಿ ನಮಸ್ಕಾರ ಹೇಳಿದರು. ವಿಮಾನದ ಸದ್ದಿಗೆ ಅವ್ವ ಅಂಜದೆ ಹೊರಗೆ ಬಂದದ್ದು ಅದೇ ಮೊದಲು ಎಂದು ನನಗೆ ಅನ್ನಿಸಿ, ಗಂಟಲು ಕಟ್ಟಿತು.

ಅಲ್ಲಿಂದ ಏರುತ್ತ ಹೋದೆವು. ಬೆಂಗಳೂರಿನವರ ದನಿ ರೇಡಿಯೊದಲ್ಲಿ ಸರಿಯಾಗಿ ಸಿಗಬೇಕಾದರೆ ಎತ್ತರ ಬೇಕು. ಈ ರೇಡಿಯೊ ಕಣ್ಣಿನಂತೆಯೇ ನೇರ ಗೆರೆಯಲ್ಲಿ ಸಾಗುತ್ತದೆ, ನಡುವೆ ಬೆಟ್ಟ ಬಂದರೆ ಮಾತು ನಿಂತಿತು. ಸತ್ತೇಗಾಲ ದಾಟಿ, ಕಾವೇರಿ ಸೀಳಿ ಗಗನಚುಕ್ಕಿ, ಭರಚುಕ್ಕಿಯಾಗುವ ಬ್ಲಫಿನ ಹತ್ತಿರ ಬಂದಾಗ ಬೆಂಗಳೂರಿನ ಕಂಟ್ರೋಲರ್ ನಮ್ಮನ್ನು ಹೆಸರಿಟ್ಟು ಕರೆದರು. ಮಾತೆಲ್ಲ ಇಂಗ್ಲಿಷಿನಲ್ಲಿ, ಆಕಾಶದ ರೂಢಿ ಹಾಗೆ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಸಮಯ ಬದಲಾಗಿದೆ. ಜಕ್ಕೂರು ಮುಂದಿನ ಸೂಚನೆಯವರೆಗೆ ಮುಚ್ಚಿದೆ. ಏನು ಮಾಡುತ್ತೀರಿ, ತಿಳಿಸಿ.

ಕಾರಣ ಹೇಳಲಿಲ್ಲ. ಹೇಳುತ್ತ ಕೂರುವಷ್ಟು ಪುರುಸೊತ್ತೂ ಅವರಿಗಿರಲಾರದು. ಆ ಹೊತ್ತಿಗೆ ಯಲಹಂಕದ ಮೇಲೆ ಎಷ್ಟು ಯುದ್ಧವಿಮಾನಗಳು ಇದ್ದವೋ. ಆ ವರ್ಷ ಭಾರತ ಕೊಳ್ಳಲಿರುವ ಯುದ್ಧವಿಮಾನದ ಪೈಪೋಟಿ ಜೋರಾಗಿತ್ತು. ರಫಾಲ್, ಟೈಫೂನ್, ಗ್ರಿಪೆನ್ ಎಲ್ಲ ಬಂದಿದ್ದವು.

ನನ್ನ ಕೈ ತಾನಾಗಿ ನಕ್ಷೆಗೆ ಹೋಯಿತು. ಕನಕಪುರದ ಮೇಲೆ ಸುತ್ತುತ್ತ ಕಾಯಬಹುದು, ಪೆಟ್ರೋಲ್ ಬೇಕಾದಷ್ಟಿದೆ. ಹೊಸೂರಿನ ಹತ್ತಿರ ಬೆಳಗೊಂಡಪಳ್ಳಿಯಲ್ಲಿ ಖಾಸಗಿ ರನ್‌ವೇ ಇದೆ, ಆದರೆ ಅಲ್ಲಿಗೆ ಮೊದಲೇ ಅನುಮತಿ ಪಡೆದಿರಬೇಕು. ಕ್ಯಾಪ್ಟನ್ ನಕ್ಷೆ ನೋಡಲೇ ಇಲ್ಲ. “ಮೈಸೂರು ಬಿಟ್ಟು ಅರ್ಧ ಗಂಟೆಯಾಯಿತು. ಅಲ್ಲಿ ರನ್‌ವೇ ತೆರೆದಿದೆ, ಅದು 1740 ಮೀಟರ್ ಇದೆ, ಗಾಳಿ ಕಡಿಮೆ ಇದೆ. ಇದು ನಾವು ಕಣ್ಣಾರೆ ಕಂಡು ಬಂದದ್ದು. ಬೇರೆ ಯಾವ ಊರಿನ ವಿಷಯವೂ ಈಗ ನಮಗೆ ಗೊತ್ತಿಲ್ಲ” ಎಂದರು. ಮೈಕಿನಲ್ಲಿ ವಾಪಸು ಮೈಸೂರಿಗೆ ಎಂದು ಹೇಳಿ ಮುಗಿಸಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಬೇಗ ಹಿಂದಿರುಗಲು ಮನಸ್ಸು ಒಪ್ಪಬೇಕಾದರೆ ಎಷ್ಟು ವರ್ಷದ ಹಾರಾಟ ಬೇಕೋ ಎಂದು ನಾನು ಇವತ್ತಿಗೂ ಬೆರಗಾಗುತ್ತೇನೆ. ಸಣ್ಣ ವಿಮಾನದವರನ್ನು ಕೆಡಿಸುವುದು ಹೆಚ್ಚಾಗಿ ಬಿರುಗಾಳಿಯಲ್ಲ. ಇಷ್ಟು ದೂರ ಬಂದಾಯಿತಲ್ಲ, ಇನ್ನು ಸ್ವಲ್ಪವೇ ತಾನೇ ಎಂಬ ಹಟ.

ತಿರುಗುತ್ತಿದ್ದಂತೆ ಇನ್ನೊಂದು ದನಿ ಕೇಳಿಸಿತು. ಹೆಣ್ಣುದನಿ. ಬೆಂಗಳೂರನ್ನು ಕರೆಯುತ್ತಿದೆ, ಉತ್ತರ ಬರುತ್ತಿಲ್ಲ, ಮತ್ತೆ ಕರೆಯುತ್ತಿದೆ. ಬೆಂಗಳೂರಿಗೆ ಆಕೆಯ ದನಿ ಮುಟ್ಟುತ್ತಿಲ್ಲ, ಆಕೆಗೆ ಅವರದ್ದು ಕೇಳುತ್ತಿಲ್ಲ. ನಡುವೆ ಎತ್ತರದಲ್ಲಿದ್ದ ನಮಗೆ ಇಬ್ಬರದ್ದೂ ಕೇಳುತ್ತಿತ್ತು. ಕೊಯಮತ್ತೂರಿನಿಂದ ಜಕ್ಕೂರಿಗೆ ಹೊರಟ ಎರಡು ಸೀಟಿನ ಸೆಸ್ನಾ 152, ಒಳಗೆ ಆಕೆ ಒಬ್ಬಳೇ. ಕೊಯಮತ್ತೂರಿನಿಂದ ಜಕ್ಕೂರಿಗೆ ನೇರ ಗೆರೆ ಎಳೆದರೆ ಅದು ಹಾಯುವುದು ನಮ್ಮ ಹನೂರಿನ ಮೇಲೆಯೇ. (ಕೊಳ್ಳೇಗಾಲ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ತಾತ ಕಂದಾಯದ ತಕರಾರಿಗೆ ಆ ಕಾಡುಗಳನ್ನೆಲ್ಲ ದಾಟಿ ಅಲ್ಲಿಗೆ ಹೋಗಿಬಂದವರು.) ಆಕೆ ಸತ್ಯಮಂಗಲದ ಬೆಟ್ಟಗಳನ್ನು ದಾಟಿದ್ದಳು. ಕಾಡಿಗೆ ಎಲ್ಲೋ ಬೆಂಕಿ ಬಿದ್ದು ಹೊಗೆ ಕವಿದಿದ್ದರಿಂದ ನೆಲ ಕಾಣಲೆಂದು ಕೆಳಗಿಳಿದಿದ್ದಳು. ಇಳಿದದ್ದಕ್ಕೇ ಬೆಟ್ಟ ಅಡ್ಡ ಬಂದು ರೇಡಿಯೊ ಸತ್ತಿತ್ತು. ಜಕ್ಕೂರು ಮುಚ್ಚಿದ ಸುದ್ದಿ ಆಕೆಗೆ ಗೊತ್ತೇ ಇಲ್ಲ. ಹಾಗೇ ಮುಂದೆ ಸಾಗಿದ್ದರೆ ಯುದ್ಧವಿಮಾನಗಳು ತಲೆಕೆಳಗಾಗಿ ಆಡುವ ಆಕಾಶಕ್ಕೆ ನೇರವಾಗಿ ಹೋಗುತ್ತಿದ್ದಳು.

ಇಂಥ ಹೊತ್ತಿನಲ್ಲಿ ನಡುವಿನವರು ಮಾತು ದಾಟಿಸಬೇಕು. ರಿಲೇ ಎನ್ನುತ್ತಾರೆ. ಕ್ಯಾಪ್ಟನ್ ಬೆಂಗಳೂರಿಗೆ ವಿಷಯ ಹೇಳಿ, ಒಪ್ಪಿಗೆ ಪಡೆದು, ಆಕೆಗೆ ಜಕ್ಕೂರು ಮುಚ್ಚಿದೆ ಎಂದು ತಿಳಿಸಿದರು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಕೇಳಿದಳು: ಇಲ್ಲೇ ಸುತ್ತುತ್ತ ಕಾಯಲೇ? ಕಾಯಬೇಡಿ, ಎಷ್ಟು ಹೊತ್ತೆಂದು ಯಾರೂ ಹೇಳಿಲ್ಲ, ಮೈಸೂರಿಗೆ ನಮ್ಮ ಜೊತೆ ಬನ್ನಿ ಎಂದರು. ಮೈಸೂರು ಆಕೆ ಕಂಡ ಊರಲ್ಲ. ಅದಕ್ಕಿಂತ ಮುಖ್ಯವಾಗಿ, ಹೊಗೆಯಲ್ಲಿ ಒಂದೆರಡು ಸುತ್ತು ಹಾಕಿದ್ದರಿಂದ ತಾನು ಈಗ ಸರಿಯಾಗಿ ಎಲ್ಲಿದ್ದೇನೆಂದು ಆಕೆಗೆ ಖಾತ್ರಿ ಇರಲಿಲ್ಲ. ಅದನ್ನು ಆಕೆ ಮುಚ್ಚಿಡಲಿಲ್ಲ. ಆ ಒಂದು ಕಾರಣಕ್ಕೇ ಆಕೆಯ ಬಗ್ಗೆ ನನಗೆ ಬಹಳ ಗೌರವ.

“ಏನು ಕಾಣುತ್ತಿದೆ ಹೇಳಿ” ಎಂದರು ಕ್ಯಾಪ್ಟನ್.

ಗುಡ್ಡಗಳ ನಡುವೆ ಹೊಲಗಳು. ಜೋಳ ಕೊಯ್ದ ಹಾಗಿದೆ. ಸಾಲು ಮನೆಗಳು. ಒಂದು ದೊಡ್ಡ ಕಟ್ಟಡ, ಬೌದ್ಧರ ಗುಡಿಯ ಹಾಗಿದೆ.

ನಾನು ಕೂತಲ್ಲೇ ನೆಟ್ಟಗಾದೆ. ಬೌದ್ಧರ ಗುಡಿ ನಮ್ಮ ಸೀಮೆಯಲ್ಲಿ ಇನ್ನೆಲ್ಲಿ? ಒಡೆಯರಪಾಳ್ಯ. 1974ರಿಂದ ಟಿಬೆಟ್ಟಿನವರು ಅಲ್ಲಿ ನೆಲೆಸಿದ್ದಾರೆ, ಮುಸುಕಿನ ಜೋಳ ಬೆಳೆಯುತ್ತಾರೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಸ್ವೆಟರ್ ಕೊಳ್ಳಲು ಲೊಕ್ಕನಹಳ್ಳಿ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದೆ. ಕ್ಯಾಪ್ಟನ್ ನನ್ನ ಮುಖ ನೋಡಿದವರೇ ಮೈಕನ್ನು ನನಗೆ ಬಿಟ್ಟುಕೊಟ್ಟರು. “ನಿನ್ನ ಸೀಮೆ, ನೀನೇ ಹೇಳಪ್ಪ.”

ನಾನು ಹೇಳುತ್ತ ಹೋದೆ. ವಾಯವ್ಯಕ್ಕೆ ತಿರುಗಿ. ಎಡಗಡೆಯ ಎತ್ತರದ ಬೆಟ್ಟಸಾಲಿಗೆ ಹತ್ತಿರ ಹೋಗಬೇಡಿ, ಅದು ನಿಮಗಿಂತ ಎತ್ತರ ಇದೆ, ಬಿಳಿಗಿರಿರಂಗನ ಬೆಟ್ಟ. ಮುಂದೆ ಒಂದು ಜಲಾಶಯ ಸಿಗುತ್ತದೆ, ಬೆಟ್ಟದ ಬುಡದಲ್ಲಿ. ಸಿಕ್ಕಿತು ಎಂದಳು. ಅದು ಗುಂಡಾಲ್. ಅದರ ಮೇಲೆ ಹಾದು ಬನ್ನಿ, ಬಯಲು ತೆರೆಯುತ್ತದೆ, ಒಂದು ಊರು ಕಾಣುತ್ತದೆ, ಊರಿಗಂಟಿದ ಒಂಟಿ ಗುಡ್ಡ. ಆಗ ಕ್ಯಾಪ್ಟನ್ ನನ್ನ ಭುಜ ತಟ್ಟಿ ಕೆಳಗೆ ತೋರಿಸಿದರು. ಗುಂಡಾಲಿನ ನೀರಿನ ಮೇಲೆ ಬಿಳಿ ರೆಕ್ಕೆ ಜಾರಿಬರುತ್ತಿತ್ತು.

ಅವಳದು ನಮ್ಮದಕ್ಕಿಂತ ನಿಧಾನದ ವಿಮಾನ. ಅವಳನ್ನು ಮುಂದೆ ಬಿಟ್ಟು ನಾವು ಹಿಂದೆ, ಸ್ವಲ್ಪ ಮೇಲೆ, ಬಲಕ್ಕೆ ಸರಿದು ಹೊರಟೆವು, ಅವಳು ಸದಾ ಕಣ್ಣಿಗೆ ಬೀಳುವಂತೆ. ಎತ್ತರ ಗಳಿಸಿದ ಮೇಲೆ ಅವಳಿಗೇ ಬೆಂಗಳೂರು ಕೇಳಿಸಿತು, ದಾರಿ ಬದಲಿಸಲು ಅನುಮತಿಯೂ ಸಿಕ್ಕಿತು, ನಮ್ಮ ಮಧ್ಯಸ್ಥಿಕೆ ಮುಗಿಯಿತು. ಆದರೆ ದಾರಿ ಹೇಳುವುದು ಮುಗಿದಿರಲಿಲ್ಲ. ಬಂದ ನದಿದಾರಿಯನ್ನು ಬಿಟ್ಟು ನಾನು ಅವಳನ್ನು ಯಳಂದೂರಿನ ಮೇಲೆ ಕರೆದೊಯ್ದೆ. ಹೊಸಬರಿಗೆ ನದಿಗಿಂತ ರೈಲುಹಳಿ ಮೇಲು. ಯಳಂದೂರಿನಿಂದ ಸಂತೇಮರಹಳ್ಳಿ, ಅಲ್ಲಿಂದ ಪಶ್ಚಿಮಕ್ಕೆ ಕವಲಂದೆ. ಕವಲಂದೆಯಲ್ಲಿ ಚಾಮರಾಜನಗರದ ರೈಲುಹಳಿ ಸಿಗುತ್ತದೆ. ಹಳಿ ಹಿಡಿದರೆ ನಂಜನಗೂಡು, ಕಪಿಲೆಯ ದಡದಲ್ಲಿ ನಂಜುಂಡೇಶ್ವರನ ಗೋಪುರ, ಆಮೇಲೆ ಎದುರಿಗೆ ಚಾಮುಂಡಿ ಬೆಟ್ಟ. ಅದೇ ಹಳಿ ಮಂಡಕಳ್ಳಿ ನಿಲ್ದಾಣದ ಪಕ್ಕದಲ್ಲೇ ಹಾಯುತ್ತದೆ, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಯಳಂದೂರಿನ ಮೇಲೆ ಎರಡು ವಿಮಾನ ಒಂದರ ಹಿಂದೊಂದು ಹೋದದ್ದನ್ನು ನನ್ನ ದೊಡ್ಡ ಅಳಿಯ ಶಾಲೆಯ ಬಯಲಿನಲ್ಲಿ ನಿಂತು ನೋಡಿದ್ದಾನೆ. ಒಳಗೆ ಮಾವ ಇದ್ದಾನೆಂದು ಅವನಿಗೆ ಗೊತ್ತಿರಲಿಲ್ಲ.

ಮಂಡಕಳ್ಳಿಯಲ್ಲಿ ಅವಳು ಮೊದಲು ಇಳಿದಳು, ನಾವು ಆಮೇಲೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ, ಅಂಗಿಯ ಬೆನ್ನೆಲ್ಲ ಬೆವರು. ವಿಮಾನವನ್ನು ಹಗ್ಗ ಬಿಗಿದು ಕಟ್ಟಲು ಅವಳಲ್ಲಿ ಹಗ್ಗವಿರಲಿಲ್ಲ, ನಮ್ಮಲ್ಲಿ ಹೆಚ್ಚಿಗೆ ಇತ್ತು. ಗಂಟು ಹಾಕುತ್ತ, ಸಂಜೆಯಾದರೂ ಜಕ್ಕೂರು ತೆರೆದೀತೇ, ಹೊರಟುಬಿಡೋಣವೇ ಎಂದು ಕ್ಯಾಪ್ಟನ್ನರನ್ನು ಕೇಳಿದಳು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಸೂರ್ಯ ಮುಳುಗಿದ ಮೇಲೆ ನಮ್ಮಂಥ ಕಣ್ಣಳತೆಯ ಹಾರಾಟಕ್ಕೆ ದಾರಿ ಇಲ್ಲ, ಬಿಡುವು ಸಿಕ್ಕರೂ ಹೊತ್ತು ಸಾಲುವುದು ಕಷ್ಟ. ಕ್ಯಾಪ್ಟನ್ ಅದನ್ನೆಲ್ಲ ವಿವರಿಸಲು ಹೋಗಲಿಲ್ಲ. “ಪ್ರದರ್ಶನ ಭಾನುವಾರ ಮುಗಿಯುತ್ತೆ. ನಾವು ಸೋಮವಾರ ಹೋಗೋದು. ನೀವೂ ನಿಮ್ಮ ಕಡೆಯವರನ್ನ ಕೇಳಿ ನಿರ್ಧಾರ ಮಾಡಿ” ಎಂದರು. ಆಕೆ ಫೋನು ಮಾಡಿದಳು, ಸೋಮವಾರ ಎಂದೇ ಆಯಿತು. ಕ್ಯಾಪ್ಟನ್ನರ ತಂಗಿಯ ಮನೆ ಮೈಸೂರಿನಲ್ಲಿತ್ತು, ಅವಳನ್ನೂ ಅಲ್ಲಿಗೇ ಕರೆದುಕೊಂಡು ಹೋದರು.

ನಾನು ಕೊಳ್ಳೇಗಾಲದ ಬಸ್ಸು ಹತ್ತಿದೆ. ಮೇಲಿನಿಂದ ಹದಿನೈದು ನಿಮಿಷದಲ್ಲಿ ದಾಟಿದ್ದ ದಾರಿಯನ್ನು ಸಂಜೆಯವರೆಗೆ ಕುಲುಕಾಡುತ್ತ ಬಂದೆ. ಅವ್ವ ಜಗಲಿಯ ಮೇಲೆ ಸೀರೆ ಮಡಿಸುತ್ತ ಕೂತಿದ್ದಳು. ನಾನು ಬಂದದ್ದಕ್ಕೆ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಹೋಗುವಾಗ ಒಬ್ನೇ ಹೋದೆ, ಬರುವಾಗ ಇನ್ನೊಂದ ಕರ್ಕಂಡು ಬಂದಲ್ಲಾ ಕೂಸು. ಯಾರದು?”

ಎಲ್ಲ ಹೇಳಿದೆ. ಹುಡುಗಿ ಒಬ್ಬಳೇ ಇದ್ದಳು ಎಂದಾಗ ಮಡಿಸುವುದನ್ನು ನಿಲ್ಲಿಸಿ ಕೇಳಿದಳು. ಉಂಡಳಾ, ಎಲ್ಲಿ ಮಲಗುತ್ತಾಳೆ, ಅವರ ಮನೆಗೆ ಸುದ್ದಿ ಮುಟ್ಟಿತಾ ಎಂದು ವಿಚಾರಿಸಿದಳು. ಆಮೇಲೆ, “ಅಲ್ಲಿ ಏನಾಗಿತ್ತು ಅಂತ ಮುಚ್ಚಿದ್ರು?” ಎಂದಳು.

ನಾಲ್ಕು ವರ್ಷದ ಹಿಂದಿನದನ್ನು ಹೇಳಿದೆ. 2007ರ ಫೆಬ್ರವರಿ 2ರಂದು, ಅದೇ ಯಲಹಂಕದಲ್ಲಿ, ಪ್ರದರ್ಶನದ ತಾಲೀಮಿನಲ್ಲಿ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್ ಬಿದ್ದು ಪೈಲಟ್ ಒಬ್ಬರು ತೀರಿಕೊಂಡಿದ್ದರು. ಅಂಥ ಆಟ ನಡೆಯುವ ಜಾಗದಲ್ಲಿ ಇನ್ನೊಂದು ವಿಮಾನ ಅಡ್ಡ ಬರಬಾರದು, ಕೆಳಗೂ ಆದಷ್ಟು ಜನ ಇರಬಾರದು. ಅವ್ವ ತಲೆಯಾಡಿಸಿದಳು. ಅವತ್ತು ನಾನು ಹೇಳಿದ್ದರ ತೂಕ ನನಗೇ ಪೂರ್ತಿ ತಿಳಿದದ್ದು ಆಮೇಲೆ. 2019ರ ಫೆಬ್ರವರಿ 19ರಂದು, ಏರೋ ಇಂಡಿಯಾ ಶುರುವಾಗುವ ಹಿಂದಿನ ದಿನ, ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ತಾಲೀಮಿನಲ್ಲಿ ಒಂದಕ್ಕೊಂದು ತಗುಲಿ ಯಲಹಂಕದ ಬಳಿ ಬಿದ್ದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಹೋದರು, ಇನ್ನಿಬ್ಬರು ಧುಮುಕಿ ಉಳಿದರು. ಜಕ್ಕೂರಿನಲ್ಲಿ ಕಾದು ಕೂತು ಬೇಸರಪಟ್ಟ ಗೆಳೆಯರೆಲ್ಲ ಅವತ್ತು ಒಬ್ಬರಿಗೊಬ್ಬರು ಫೋನು ಮಾಡಿ ಸುಮ್ಮನೆ ಮಾತಾಡಿದೆವು.

ಸೋಮವಾರ ಬೆಳಿಗ್ಗೆ ಮೂವರೂ ಮಂಡಕಳ್ಳಿಯಲ್ಲಿ ಕೂತು ಮತ್ತೆ ನೋಟಾಮ್ ಓದಿದೆವು. ಜೋರಾಗಿ ಓದಿದ್ದು ಆ ಹುಡುಗಿ, ಗಂಟೆ ತಿರುಗಿಸಿ ಬರೆದದ್ದೂ ಅವಳೇ. ಜಕ್ಕೂರು ತೆರೆದಿತ್ತು. ಅವಳು ಮೊದಲು ಎದ್ದಳು. ಇಳಿದ ಮೇಲೆ ನಮ್ಮ ಹಗ್ಗ ವಾಪಸು ಕೊಟ್ಟು ಹೋದಳು. ಆ ಭಾನುವಾರ ಯಲಹಂಕದಲ್ಲಿ ಹಾರಿದ್ದು, ಬೀದರಿನಲ್ಲಿ 1996ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡವು ಕಿರಣ್ ವಿಮಾನಗಳಲ್ಲಿ ಏರೋ ಇಂಡಿಯಾಕ್ಕೆ ಕೊಟ್ಟ ಕೊನೆಯ ಪ್ರದರ್ಶನ ಎಂದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಹೊಸ ಪೈಲಟ್‌ಗಳ ತರಬೇತಿಗೆ ವಿಮಾನ ಸಾಲದೆ ಆ ತಿಂಗಳೇ ತಂಡವನ್ನು ನಿಲ್ಲಿಸಿದರು. ಮತ್ತೆ ಕಟ್ಟಿದ್ದು ವರ್ಷಗಳ ನಂತರ, ಹಾಕ್ ವಿಮಾನಗಳಲ್ಲಿ.

ಕಿರಣ್ ಎಂಬ ಹೆಸರು ಬಂದ ಕೂಡಲೇ ಒಲೆಯ ಮುಂದೆ ಕತೆ ನನ್ನ ಕೈತಪ್ಪುತ್ತದೆ. ಅಲ್ಲಿಂದ ಮುಂದಿನದು ದೊಡ್ಡ ಅಳಿಯನದು. 2023ರ ಜೂನ್ 1ರಂದು ಬೆಂಗಳೂರಿನಿಂದ ತರಬೇತಿಗೆ ಹೊರಟ ಕಿರಣ್ ಒಂದು ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಹತ್ತಿರ ಬಯಲಿಗೆ ಬಿತ್ತು. ಯಳಂದೂರಿನಿಂದ ಬೈಕಿನಲ್ಲಿ ಅರ್ಧ ಗಂಟೆಯ ದಾರಿ. ಅವನು ಅಂಗಡಿ ಮುಚ್ಚಿ ಓಡಿದ್ದ. ಹೊಗೆ ಎಷ್ಟು ದೂರದಿಂದ ಕಂಡಿತು, ಜನ ಹೇಗೆ ಸೇರಿದರು, ಪೊಲೀಸರು ಹಗ್ಗ ಕಟ್ಟಿ ಎಲ್ಲರನ್ನೂ ಹೇಗೆ ಹಿಂದೆ ಸರಿಸಿದರು ಎಂದು ಒಂದೊಂದಾಗಿ ಹೇಳುತ್ತಾನೆ. ಬಿದ್ದದ್ದು ಖಾಲಿ ನೆಲದ ಮೇಲೆ. ಊರಿನವರಿಗೆ ಏನೂ ಆಗಲಿಲ್ಲ.

“ಒಳಗಿದ್ದೋರು?” ಎಂದು ಚಿಕ್ಕವಳು ಕೇಳುತ್ತಾಳೆ, ಉತ್ತರ ಗೊತ್ತಿದ್ದೂ.

“ಇಬ್ರೂ ಪ್ಯಾರಾಚೂಟಲ್ಲಿ ಇಳುದ್ರು. ಒಬ್ರು ಹೆಂಗಸು. ವಾಯುಪಡೆಯವರು ಹೆಲಿಕಾಪ್ಟರಲ್ಲಿ ಬಂದು ಕರ್ಕಂಡು ಹೋದ್ರು.”